ಸಾಕ್ಷಿಯಿಲ್ಲದ ಮಾತು: ಹಳೆಯ ಇಂಗ್ಲಿಷ್ ಬ್ಯಾಲಡ್‌ಗಳಲ್ಲಿ ಮೋಸಹೋದ ಹುಡುಗಿಯರು

ಮದುವೆಗೆ ಮುಂಚೆ ನಮ್ಮವರನ್ನೊಮ್ಮೆ ನೋಡಿಕೊಂಡು ಬರೋಣ ಬಾ ಅಂತ ವಿಲಿಯಂ ಕರೆಯುತ್ತಾನೆ. ಮೋಲಿ ನಂಬಿ ಹೊರಡುತ್ತಾಳೆ. ಅವಳು ಬಸುರಿ. ಅವನು ಹಡಗಿನ ಬಡಗಿ, ಇನ್ನೇನು ಸಮುದ್ರಕ್ಕೆ ಹೊರಡುವವನು. ತೋಪು ದಾಟಿ, ಕಣಿವೆ ಇಳಿದು ನಡೆಯುತ್ತಾ ನಡೆಯುತ್ತಾ ಅವಳಿಗೆ ಅಳು ಬರುತ್ತದೆ. ದಾರಿ ತಪ್ಪಿಸಿ ನನ್ನ ಜೀವ ತೆಗೆಯೋಕೆ ಕರಕೊಂಡು ಬಂದಿದ್ದೀಯಾ ಅಂತ ಕೇಳುತ್ತಾಳೆ. ಹೌದು ಅನ್ನುತ್ತಾನೆ. ರಾತ್ರಿಯೆಲ್ಲ ನಿನ್ನ ಗುಂಡಿಯನ್ನೇ ತೋಡುತ್ತಿದ್ದೆ ಅನ್ನುತ್ತಾನೆ. ತಿರುಗಿ ನೋಡಿದರೆ ಹೊಸದಾಗಿ ತೆಗೆದ ಗುಂಡಿ, ಪಕ್ಕದಲ್ಲಿ ನಿಲ್ಲಿಸಿದ ಸನಿಕೆ. ಇದೇನಾ ನನ್ನ ಮದುವೆ ಹಾಸಿಗೆ ಅಂತ ಅವಳು ಕೇಳುತ್ತಾಳೆ.

ಆಮೇಲೆ ಅವಳಾಡುವ ಮಾತು ನನ್ನನ್ನು ತುಂಬ ದಿನ ಕಾಡಿತು. ಹೆಂಡತಿ ಮಾಡಿಕೊಳ್ಳದಿದ್ದರೂ ಬೇಡ, ಹೊಟ್ಟೆಯಲ್ಲಿರೋ ಕೂಸಿನ ಮೇಲೆ ಕರುಣೆ ಇಡು, ನಾಚಿಕೆ ಹೊತ್ತುಕೊಂಡೇ ಬದುಕುತ್ತೇನೆ, ಜೀವ ಒಂದು ಬಿಡು ಅಂತ ಬೇಡುತ್ತಾಳೆ. ಅವನು ಚೂರಿ ಹಾಕುತ್ತಾನೆ.

ಇದು 'ಗಾಸ್ಪೋರ್ಟ್ ಟ್ರಾಜಿಡಿ' ಅನ್ನುವ ಬ್ಯಾಲಡ್‌ನ ಕಥೆ. 18ನೇ ಶತಮಾನದ ಮೊದಲ ಭಾಗದ್ದು. ಗಾಸ್ಪೋರ್ಟ್ ಇರುವುದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಪೋರ್ಟ್ಸ್‌ಮತ್ ಬಂದರಿನ ಎದುರು ದಡದಲ್ಲಿ. ಹಾಡಿನ ಇನ್ನೊಂದು ಹೆಸರಿನ ಅರ್ಥ 'ಆಣೆ ತಪ್ಪಿದ ಹಡಗು ಬಡಗಿ'. ಗಮನಿಸಿ, ಹೆಸರಿನಲ್ಲಿ ಅವನನ್ನು ಕೊಲೆಗಾರ ಅಂತ ಕರೆದಿಲ್ಲ, ಆಣೆ ತಪ್ಪಿದವನು ಅಂತ ಕರೆದಿದೆ. ಈ ಹಾಡುಗಳ ಬೀಗದ ಕೈ ಇರುವುದು ಆ ಪದದಲ್ಲೇ ಅಂತ ನನಗೆ ಅನ್ನಿಸುತ್ತದೆ. ಹುಡುಗಿಯನ್ನು ಮರುಳು ಮಾಡಿ ಕೈಕೊಟ್ಟ ಕಥೆಗಳು ಇಂಗ್ಲಿಷ್ ಬ್ಯಾಲಡ್‌ಗಳಲ್ಲಿ ರಾಶಿ ರಾಶಿ ಇವೆ. ಮೇಲಿಂದ ನೋಡಿದರೆ ಎಲ್ಲವೂ ಕಾಮ, ಪಾಪ, ಶಿಕ್ಷೆಯ ಕಥೆಗಳು. ಒಳಗೆ ಹೋಗಿ ನೋಡಿದರೆ ಎಲ್ಲವೂ ಒಂದು ಮಾತಿನ ಕಥೆಗಳು. ಇಬ್ಬರೇ ಇದ್ದಾಗ ಕೊಟ್ಟ ಮಾತು. ಕೇಳಿಸಿಕೊಂಡವರು ಯಾರೂ ಇಲ್ಲದ ಮಾತು.

ಮೊದಲು ಈ ಹಾಡುಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಹಾಳೆಯನ್ನೊಮ್ಮೆ ಕೈಗೆತ್ತಿಕೊಂಡು ನೋಡೋಣ. ಬ್ಯಾಲಡ್ ಅಂದರೆ ನಮ್ಮ ಲಾವಣಿಯ ಹಾಗೆ ಕಥೆ ಹೇಳುವ ಹಾಡು. ಬ್ರಾಡ್‌ಸೈಡ್ ಅಂದರೆ ಒಂದೇ ಮಗ್ಗುಲಿಗೆ ಅಚ್ಚು ಹಾಕಿದ ಬಿಡಿ ಹಾಳೆ. 16ನೇ ಶತಮಾನದಲ್ಲಿ ಇದರ ಬೆಲೆ ಅರ್ಧ ಪೆನ್ನಿ, 17ನೇ ಶತಮಾನದಲ್ಲಿ ಒಂದು ಪೆನ್ನಿ. ಕೂಲಿಯವನಿಗೆ ದಿನಕ್ಕೆ 8ರಿಂದ 12 ಪೆನ್ನಿ ಸಿಗುತ್ತಿದ್ದ ಕಾಲ ಅದು. ಬಡವರೂ ಯಾವಾಗಲಾದರೊಮ್ಮೆ ಕೊಳ್ಳಬಹುದಾದ ಅಚ್ಚಿನ ವಸ್ತು ಅಂದರೆ ಇದೇ. ಲಂಡನ್ ಬ್ರಿಜ್ ಮೇಲೆ, ಸ್ಮಿತ್‌ಫೀಲ್ಡ್ ಪಕ್ಕದ ಪೈ ಕಾರ್ನರ್‌ನಲ್ಲಿ ಇವುಗಳ ಅಂಗಡಿಗಳಿದ್ದವು. ಅಲ್ಲಿಂದ ತಿರುಗಾಟದ ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಸೂಜಿ, ದಾರ, ರಿಬ್ಬನ್ನಿನ ಜೊತೆ ಹಳ್ಳಿ ಹಳ್ಳಿಗೆ ಒಯ್ಯುತ್ತಿದ್ದರು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಹಾಡಿ ಮಾರುತ್ತಿದ್ದರು. ಕೊಂಡವರು ಗೋಡೆಗೆ ಅಂಟಿಸುತ್ತಿದ್ದರು. 1653ರಲ್ಲಿ ಮೀನು ಹಿಡಿಯುವುದರ ಬಗ್ಗೆ ಪುಸ್ತಕ ಬರೆದ ಐಜಾಕ್ ವಾಲ್ಟನ್, ಒಂದು ಒಳ್ಳೆಯ ಹೆಂಡದಂಗಡಿಯನ್ನು ವರ್ಣಿಸುವಾಗ ಗೋಡೆಗೆ ಅಂಟಿಸಿದ ಇಪ್ಪತ್ತು ಬ್ಯಾಲಡ್‌ಗಳನ್ನು ಮರೆಯದೆ ಹೇಳುತ್ತಾನೆ.

ಹಾಳೆಯ ಮೇಲ್ಭಾಗದಲ್ಲಿ ಉದ್ದನೆಯ ತಲೆಬರಹ. ಅದನ್ನು ಓದಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಅದರ ಕೆಳಗೆ ಧಾಟಿಯ ಹೆಸರು. ನಮ್ಮ ಹಳೆಯ ಹಾಡಿನ ಪುಸ್ತಕಗಳಲ್ಲಿ 'ಇಂಥ ಹಾಡಿನ ಧಾಟಿ' ಅಂತ ಹಾಕುತ್ತಾರಲ್ಲ, ಹಾಗೆಯೇ. ಸ್ವರ ಬರೆದಿರುವುದಿಲ್ಲ, ಬರೆದರೂ ಓದುವವರಿಲ್ಲ. ಎಲ್ಲರಿಗೂ ಗೊತ್ತಿರುವ ಧಾಟಿಯ ಹೆಸರು ಹಾಕಿದರೆ ಸಾಕು. ಅದರ ಕೆಳಗೆ ಮರದ ಅಚ್ಚಿನ ಚಿತ್ರಗಳು, ಆಮೇಲೆ ದಪ್ಪ ಗಾಥಿಕ್ ಅಕ್ಷರಗಳಲ್ಲಿ ಪದ್ಯ.

ಚಿತ್ರಗಳ ಬಗ್ಗೆ ಒಂದು ಮಾತು. ಅಚ್ಚುಕೂಟದವರು ಪ್ರತಿ ಹಾಡಿಗೂ ಹೊಸ ಚಿತ್ರ ಕೆತ್ತಿಸುತ್ತಿರಲಿಲ್ಲ, ಇದ್ದ ಅಚ್ಚನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ದೊಡ್ಡ ಟೋಪಿ ಹಾಕಿಕೊಂಡು, ಒಂದು ಕೈ ಮುಂದಕ್ಕೆ ಚಾಚಿ ನಿಂತ ಒಬ್ಬ ಶೋಕಿಗಾರ ಹಾಳೆಯಿಂದ ಹಾಳೆಗೆ ಬರುತ್ತಾನೆ. ಈಗ ಅಧ್ಯಯನ ಮಾಡುವವರು ಅವನಿಗೆ 'ಹೌ-ಡಿ-ಡೂ ಮ್ಯಾನ್', ಅಂದರೆ 'ಹೇಗಿದ್ದೀರಿ ಅನ್ನುವವನು', ಅಂತಲೇ ಹೆಸರಿಟ್ಟಿದ್ದಾರೆ. ಒಂದು ಹಾಡಿನಲ್ಲಿ ಅವನು ನಿಜವಾದ ಪ್ರೇಮಿ. ಇನ್ನೊಂದರಲ್ಲಿ ಮೋಸಗಾರ. ಅದೇ ಮುಖ, ಅದೇ ಚಾಚಿದ ಕೈ. ಈ ಹಾಳೆಗಳ ಫೋಟೋಗಳನ್ನು ನೋಡುತ್ತಾ ಕೂತಾಗ ನನಗೆ ಅನ್ನಿಸಿದ್ದು ಇದು: ಆ ಕಾಲದ ಹುಡುಗಿಗೂ ಇದ್ದ ಕಷ್ಟ ಇದೇ ಅಲ್ವಾ? ಕೈ ಚಾಚಿ ನಿಂತವನ ಮುಖ ನೋಡಿ ಇವನು ಯಾವ ಹಾಡಿನವನು ಅಂತ ಹೇಳುವುದು ಹೇಗೆ?

ಧಾಟಿ ಸುಮ್ನೆ ಅನುಕೂಲಕ್ಕೆ ಹಾಕಿದ್ದಲ್ಲ. ಅದಕ್ಕೂ ನೆನಪಿರುತ್ತದೆ. 'ಫಾರ್ಚೂನ್ ಮೈ ಫೋ' ಅನ್ನುವ ಧಾಟಿಗೆ ಎಷ್ಟು ಗಲ್ಲಿನ ಹಾಡುಗಳು ಬಂದವು ಅಂದರೆ ಜನ ಅದನ್ನು ನೇಣಿನ ಧಾಟಿ ಅಂತಲೇ ಗುರುತಿಸುತ್ತಿದ್ದರು. ಮೊದಲ ಸಾಲು ಎತ್ತಿಕೊಂಡ ಕೂಡಲೇ ಸಂತೆಯಲ್ಲಿ ನಿಂತವರಿಗೆ ಇವತ್ತು ಯಾರೋ ಸಾಯುತ್ತಾರೆ ಅಂತ ಗೊತ್ತಾಗುತ್ತಿತ್ತು. ನಂಬಿ ಕೆಟ್ಟ ಹುಡುಗಿಯರ ಕಥೆಗೂ ಅಂಥದ್ದೇ ಒಂದು ಧಾಟಿ ಇತ್ತು. ಅದರ ಹೆಸರು 'ಲೇಡೀಸ್ ಫಾಲ್'. ಹೆಣ್ಣೊಬ್ಬಳ ಪತನ.

ಆ ಹೆಸರು ಬಂದದ್ದು ಅದೇ ಹೆಸರಿನ ಒಂದು ಹಾಡಿನಿಂದ. 1603ರಲ್ಲಿ ಲಂಡನ್ನಿನ ಅಚ್ಚುಗಾರರ ಸಂಘವಾದ ಸ್ಟೇಷನರ್ಸ್ ಕಂಪನಿಯ ದಾಖಲೆ ಪುಸ್ತಕದಲ್ಲಿ ಅದು ನೋಂದಾಯಿತವಾಯಿತು. ಕಥೆ ಸರಳ. ದೊಡ್ಡ ಮನೆಯ ಹುಡುಗಿ. ಮದುವೆಯಾಗುತ್ತೇನೆ ಅಂದ ಪ್ರಿಯಕರ. ಅವಳು ಬಸುರಿಯಾಗುತ್ತಾಳೆ. ಬೇಗ ಬಂದು ಮದುವೆಯಾಗು, ಮನೆಯವರಿಗೆ ಗೊತ್ತಾಗುವ ಮುಂಚೆ ಕರಕೊಂಡು ಹೋಗು ಅಂತ ಬೇಡಿಕೊಳ್ಳುತ್ತಾಳೆ. ಇಂಥ ರಾತ್ರಿ ಬರುತ್ತೇನೆ ಅಂತ ಹೇಳಿ ಹೋಗುತ್ತಾನೆ. ಅವಳು ಕಾಯುತ್ತಾಳೆ. ಅವನು ಬರುವುದಿಲ್ಲ. ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋಗುತ್ತಾರೆ. ಸುದ್ದಿ ಕೇಳಿದ ಅವನು ತನ್ನನ್ನು ತಾನೇ ಕೊಂದುಕೊಳ್ಳುತ್ತಾನೆ. ಕೊನೆಯಲ್ಲಿ ಹಾಡು ಎಲ್ಲ ಹುಡುಗಿಯರಿಗೂ ಹೇಳುತ್ತದೆ, ಸವಿಮಾತಿನ ಗಂಡಸರನ್ನು ನಂಬಬೇಡಿ.

ಇಷ್ಟೇ ಆದರೆ ಇದು ಯಾವ ದೇಶದ್ದಾದರೂ ಆಗಬಹುದಿತ್ತು. ಇದನ್ನು ಆ ಕಾಲದ ಇಂಗ್ಲೆಂಡಿಗೆ ಕಟ್ಟಿಹಾಕುವುದು ಅಲ್ಲಿನ ಮದುವೆ ಕಾನೂನು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಇದು ಅರ್ಥವಾದರೆ ಹಾಡುಗಳೇ ಬೇರೆ ಥರ ಕೇಳಿಸುತ್ತವೆ.

ಮಧ್ಯಯುಗದ ಚರ್ಚ್ ಕಾನೂನಿನ ಪ್ರಕಾರ ಮದುವೆಯನ್ನು ಮಾಡಿಸುವುದು ಪಾದ್ರಿ ಅಲ್ಲ. ಗಂಡು ಹೆಣ್ಣಿನ ಒಪ್ಪಿಗೆ. 'ನಿನ್ನನ್ನು ಹೆಂಡತಿಯಾಗಿ ಸ್ವೀಕರಿಸಿದ್ದೇನೆ', 'ನಿನ್ನನ್ನು ಗಂಡನಾಗಿ ಸ್ವೀಕರಿಸಿದ್ದೇನೆ' ಅಂತ ಇಬ್ಬರೂ ವರ್ತಮಾನ ಕಾಲದ ಕ್ರಿಯಾಪದದಲ್ಲಿ ಹೇಳಿದರೆ ಅದು ಬಿಡಿಸಲಾಗದ ಬಂಧ. ಹೊಲದಲ್ಲಿ ಹೇಳಿದರೂ ಸರಿ, ಅಡುಗೆಮನೆಯಲ್ಲಿ ಹೇಳಿದರೂ ಸರಿ. ಇನ್ನು, 'ಮುಂದೆ ನಿನ್ನನ್ನು ಮದುವೆಯಾಗುತ್ತೇನೆ' ಅಂತ ಭವಿಷ್ಯದ ಮಾತು ಕೊಟ್ಟು, ಅದನ್ನು ನಂಬಿ ಇಬ್ಬರೂ ಕೂಡಿದರೆ, ಆಗಲೂ ಅದು ಕಟ್ಟುಬಿದ್ದ ಮದುವೆಯೇ. 1563ರಲ್ಲಿ ಟ್ರೆಂಟ್ ಸಭೆಯಲ್ಲಿ ಕ್ಯಾಥೊಲಿಕ್ ಚರ್ಚು ಈ ನಿಯಮ ಬದಲಿಸಿತು. ಪಾದ್ರಿ ಮತ್ತು ಸಾಕ್ಷಿಗಳ ಮುಂದೆ ಆಗದ ಮದುವೆ ಮದುವೆಯಲ್ಲ ಅಂತ ಹೇಳಿತು. ಆದರೆ ಅಷ್ಟರಲ್ಲಿ ಇಂಗ್ಲೆಂಡ್ ರೋಮಿನ ಪೋಪನ ಚರ್ಚಿನಿಂದ ಬೇರೆಯಾಗಿತ್ತು. ಹಾಗಾಗಿ ಹಳೆಯ ನಿಯಮ ಅಲ್ಲಿ ಹಾಗೇ ಉಳಿಯಿತು. ಚರ್ಚಿನಲ್ಲೇ ಮದುವೆಯಾಗಬೇಕು ಅನ್ನುವ 1753ರ ಹಾರ್ಡ್‌ವಿಕ್ ಕಾಯ್ದೆ ಬಂದು, ಮರುವರ್ಷ ಜಾರಿಯಾಗುವ ತನಕ.

ಅಂದರೆ ಮೋಲಿಗೆ ವಿಲಿಯಂ ಕೊಟ್ಟದ್ದು ಬರೀ ಪ್ರೇಮದ ಮಾತಲ್ಲ. ಅದು ಕಾನೂನಿನ ತೂಕವಿದ್ದ ಮಾತು. ಅದನ್ನು ನಂಬಿ ಅವಳು ಮೈ ಒಪ್ಪಿಸಿದ್ದನ್ನು ದಡ್ಡತನ ಅನ್ನುವ ಹಾಗಿಲ್ಲ. ನೆರೆಹೊರೆಯ ಎಷ್ಟೋ ಹುಡುಗಿಯರು ಮಾಡಿದ್ದು ಅದನ್ನೇ. 16ನೇ ಶತಮಾನದ ಕೊನೆಯಲ್ಲಿ ಚರ್ಚಿನಲ್ಲಿ ಮದುವೆಯಾಗುವ ಹೊತ್ತಿಗೆ ಸುಮಾರು ಐದರಲ್ಲಿ ಒಬ್ಬ ವಧು ಆಗಲೇ ಬಸುರಿ. ಮಾತು ಕೊಟ್ಟವನು ಮಾತು ಉಳಿಸಿಕೊಂಡರೆ ಊರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಉಳಿಸಿಕೊಳ್ಳದಿದ್ದರೆ? ಆಗ ಅವಳು ಚರ್ಚ್ ಕೋರ್ಟಿಗೆ ಹೋಗಬಹುದಿತ್ತು. ಕೋರ್ಟು ಅವನಿಗೆ ಚರ್ಚಿನಲ್ಲಿ ಇವಳನ್ನು ಮದುವೆಯಾಗು ಅಂತ ಆಜ್ಞೆ ಮಾಡಬಹುದಿತ್ತು. ಆದರೆ ಒಂದು ಷರತ್ತು. ಇಬ್ಬರು ಸಾಕ್ಷಿಗಳು ಬೇಕು. ಇಬ್ಬರೇ ಇದ್ದ ಜಾಗದಲ್ಲಿ ಆಡಿದ ಮಾತಿಗೆ ಇಬ್ಬರು ಸಾಕ್ಷಿಗಳನ್ನು ಎಲ್ಲಿಂದ ತರೋದು? ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತ್ತು. ಅದಕ್ಕೇ ಈ ಹಾಡುಗಳಲ್ಲಿ ಉಂಗುರ, ಎರಡು ತುಂಡು ಮಾಡಿ ಹಂಚಿಕೊಂಡ ಚಿನ್ನದ ನಾಣ್ಯ, ಆಣೆ ಪ್ರಮಾಣ ಮತ್ತೆ ಮತ್ತೆ ಬರುತ್ತವೆ. ಮಾತಿಗೆ ಸಾಕ್ಷಿಯಾಗಿ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಬೇಕಿತ್ತು.

ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಹುಚ್ಚು ಹಿಡಿದ ಒಫೀಲಿಯಾ ಹಾಡುವ ತುಣುಕು ಇದೇ ಲೋಕದ್ದು. ಕೂಡುವ ಮುಂಚೆ ಮದುವೆಯಾಗುತ್ತೇನೆ ಅಂದಿದ್ದೆಯಲ್ಲ ಅಂತ ಹುಡುಗಿ ಕೇಳುತ್ತಾಳೆ. ನೀನು ನನ್ನ ಹಾಸಿಗೆಗೆ ಬಾರದೇ ಇದ್ದಿದ್ದರೆ ಆಗುತ್ತಿದ್ದೆ ಅಂತ ಅವನು ಹೇಳುತ್ತಾನೆ. ಕೆಟ್ಟ ಹಾಡು ಹಾಡುತ್ತಿದ್ದಾಳೆ ಅಂತ ನಾಟಕ ನೋಡುವವರು ಮುಜುಗರಪಡುವ ಜಾಗ ಅದು. ಆದರೆ ಆ ಎರಡು ಸಾಲಿನಲ್ಲಿ ಒಂದು ಇಡೀ ಕೋರ್ಟ್ ಕೇಸು ಇದೆ. ಅವನು ಮಾತನ್ನು ಅಲ್ಲಗಳೆಯುವುದೇ ಇಲ್ಲ ನೋಡಿ. ಮಾತನ್ನು ಕಾಯಂ ಮಾಡಬೇಕಾಗಿದ್ದ ಕೂಡಿಕೆಯನ್ನೇ ಮಾತು ಮುರಿಯಲು ನೆಪ ಮಾಡಿಕೊಳ್ಳುತ್ತಾನೆ.

ಕೈಬಿಟ್ಟ ಹುಡುಗಿಯ ಮುಂದಿನ ದಾರಿ ಎಷ್ಟು ಕಿರಿದಾಗಿತ್ತು ಅಂತಲೂ ತಿಳಿದಿರಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಹುಡುಗಿಯರು ಎಳೆಯರಾಗಿ ಮದುವೆಯಾಗುತ್ತಿರಲಿಲ್ಲ. ಸಾಮಾನ್ಯ ಜನರಲ್ಲಿ ಹೆಣ್ಣಿನ ಮದುವೆ ವಯಸ್ಸು ಸರಾಸರಿ 25ರ ಆಸುಪಾಸು. ಹದಿಹರೆಯದಿಂದ ಅಲ್ಲಿಯ ತನಕ ಎಷ್ಟೋ ಜನ ಬೇರೆಯವರ ಮನೆಯಲ್ಲಿ ಕೆಲಸಕ್ಕಿರುತ್ತಿದ್ದರು. ಅಪ್ಪ ಅಮ್ಮ ದೂರ. ಮನೆಯ ಯಜಮಾನ, ಅವನ ಮಗ, ಜೊತೆಯ ಆಳು, ಪಕ್ಕದ ಗಿರಣಿಯ ಹುಡುಗ ಹತ್ತಿರ. ಬಸುರಾದರೆ ಮೊದಲು ಹೋಗುವುದು ಕೆಲಸ, ಅದರ ಜೊತೆ ಮನೆ. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ಸಾಕುವ ಖರ್ಚು ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ಮೇಲೆ ಬೀಳುತ್ತದೆ ಅನ್ನುವುದು ಊರಿನವರ ದೊಡ್ಡ ಚಿಂತೆ. 1576ರ ಕಾಯ್ದೆ ತಾಯಿ ತಂದೆ ಇಬ್ಬರನ್ನೂ ಶಿಕ್ಷಿಸಿ, ಖರ್ಚು ವಸೂಲು ಮಾಡುವ ಅಧಿಕಾರವನ್ನು ಸ್ಥಳೀಯ ನ್ಯಾಯಾಧಿಕಾರಿಗಳಾದ ಜಸ್ಟಿಸ್‌ಗಳಿಗೆ ಕೊಟ್ಟಿತು. 1610ರಲ್ಲಿ ಇನ್ನೊಂದು ಕಾಯ್ದೆ ಬಂತು. ಮಗು ಪ್ಯಾರಿಷ್‌ಗೆ ಹೊರೆಯಾದರೆ ತಾಯಿಗೆ ಒಂದು ವರ್ಷ ದಂಡನೆಯ ಮನೆಯಲ್ಲಿ ದುಡಿತ. ಹೆರಿಗೆ ನೋವು ತಿನ್ನುತ್ತಿರುವಾಗ ಸೂಲಗಿತ್ತಿಯರು ಅಪ್ಪ ಯಾರು ಹೇಳು ಅಂತ ಒತ್ತಾಯ ಮಾಡುತ್ತಿದ್ದರು. ಜೀವ ಹೋಗುವ ನೋವಿನಲ್ಲಿ ಸುಳ್ಳು ಹೇಳಲಾರಳು ಅನ್ನುವ ನಂಬಿಕೆ. ಓದಿದಾಗ ನನಗೆ ಮೈ ಝುಂ ಅಂತು.

ಎಲ್ಲಕ್ಕಿಂತ ಭಯಂಕರವಾದದ್ದು 1624ರ ಕಾಯ್ದೆ. ಮದುವೆಯಾಗದ ಹೆಣ್ಣು ಗುಟ್ಟಾಗಿ ಹೆತ್ತು, ಮಗು ಸತ್ತಿದ್ದನ್ನು ಮುಚ್ಚಿಟ್ಟರೆ, ಅವಳೇ ಕೊಂದಳು ಅಂತ ಕಾನೂನು ಎಣಿಸುತ್ತದೆ. ಮಗು ಸತ್ತೇ ಹುಟ್ಟಿತು ಅಂತ ಕಡಿಮೆ ಅಂದರೂ ಒಬ್ಬ ಸಾಕ್ಷಿಯಿಂದ ಅವಳು ತೋರಿಸಬೇಕು. ಇಲ್ಲದಿದ್ದರೆ ನೇಣು. ಮತ್ತೆ ಸಾಕ್ಷಿ! ಮಾತು ಕೊಟ್ಟಾಗ ಸಾಕ್ಷಿ ಇಲ್ಲದ ಹುಡುಗಿ, ಹೆರುವಾಗಲೂ ಸಾಕ್ಷಿ ಇಲ್ಲದವಳು. ಈ ಕಾಯ್ದೆ ರದ್ದಾದದ್ದು 1803ರಲ್ಲಿ.

ಆ ಕಾಲದ ಹೆಸರಾಂತ ಬ್ಯಾಲಡ್ ಬರಹಗಾರ ಮಾರ್ಟಿನ್ ಪಾರ್ಕರ್ ಇಂಥ ಒಬ್ಬಳ ಮೇಲೆ ಹಾಡು ಕಟ್ಟಿದ. ತನ್ನ ಹಸುಗೂಸನ್ನು ಕೊಂದಳು ಅಂತ 1633ರ ಡಿಸೆಂಬರ್ 11ರಂದು ಲಂಡನ್ ಹತ್ತಿರದ ಟೆಡಿಂಗ್ಟನ್‌ನಲ್ಲಿ ಅವಳನ್ನು ನೇಣಿಗೆ ಹಾಕಿದ್ದರು. ತಲೆಬರಹದಲ್ಲೇ ಅವಳನ್ನು ತಾಯಿಯಲ್ಲ, ರಾಕ್ಷಸಿ ಅಂತ ಕರೆದಿದೆ. ಹಾಡು ಮಾತ್ರ ಅವಳ ಬಾಯಲ್ಲೇ ಇದೆ, ಸಾಯುವ ಹಂಸದ ಹಾಗೆ ಅಳುತ್ತಿದ್ದೇನೆ ಅಂತ ಶುರುವಾಗುತ್ತದೆ. ತಲೆಬರಹ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ಸಂತೆಯಲ್ಲಿ ನಿಂತು ಕೇಳಿದ ಕೆಲಸದ ಹುಡುಗಿಯ ಕಿವಿಗೆ ಯಾವುದು ಹೆಚ್ಚು ಬಿದ್ದಿರಬಹುದು?

ಕನ್ನಡ ಓದುಗರಿಗೆ ಈ ಹೆಣ್ಣುಗಳ ದೂರದ ತಂಗಿಯೊಬ್ಬಳು ಮೊದಲೇ ಗೊತ್ತು. ಬಿಎಂಶ್ರೀ ಅವರ 'ಇಂಗ್ಲಿಷ್ ಗೀತಗಳು' ಸಂಕಲನದ 'ದುಃಖಸೇತು' ನೆನಪಿದೆಯಲ್ಲ? ನೀರಿಗೆ ಹಾರಿದ ಹೆಣ್ಣಿನ ಮೈಯನ್ನು ಮೆಲ್ಲನೆ ಎತ್ತಿಕೊಳ್ಳಿ ಅನ್ನುವ ಕವನ. ಅದರ ಮೂಲ ಥಾಮಸ್ ಹುಡ್ 1844ರಲ್ಲಿ ಬರೆದದ್ದು. ಅಷ್ಟು ಹೊತ್ತಿಗೆ ಕವಿಗಳು ಅವಳನ್ನು ಬೈಯುವುದು ಬಿಟ್ಟು ಮರುಗುವುದನ್ನು ಕಲಿತಿದ್ದರು. ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಪೆನ್ನಿ ಹಾಳೆಗಳಲ್ಲಿ ಬೈಗುಳ, ಮರುಕ ಎರಡೂ ಒಂದೇ ಪದ್ಯದಲ್ಲಿ ಕೂತಿರುತ್ತವೆ.

ಈಗ ಗಂಡಸಿನ ಕಡೆಗೆ ಬರೋಣ. ಕೈಬಿಟ್ಟು ಓಡಿಹೋಗುವವನು ಒಂದು ಥರ. ಕೊಲ್ಲುವವನು ಇನ್ನೊಂದು ಥರ. ಯಾಕೆ ಕೊಲ್ಲುತ್ತಾನೆ? ಇದಕ್ಕೆ ಹಾಡುಗಳು ಕೊಡುವ ಉತ್ತರ ನೇರವಾಗಿದೆ. 1684ರ ಒಂದು ಹಾಳೆಯ ತಲೆಬರಹದ ಸಾರ ಹೀಗಿದೆ: ಶ್ರೂಸ್‌ಬರಿ ಹತ್ತಿರ ಗಿರಣಿಯ ಆಳಾಗಿದ್ದ ಫ್ರಾನ್ಸಿಸ್ ಕೂಪರ್ ಎರಡು ವರ್ಷ ಆನ್ ನಿಕಲ್ಸ್ ಜೊತೆ ಓಡಾಡಿದ, ಅವಳು ಬಸುರಾದಳು, ಮದುವೆಯಾಗು ಅಂತ ಅವಳ ಅಪ್ಪ ಒತ್ತಾಯ ಮಾಡಿದ, ಇವನು ಅವಳನ್ನು ಕೊಂದ. ಇಷ್ಟರಲ್ಲಿ ಕಾರಣ ಬಿಚ್ಚಿಟ್ಟ ಹಾಗೆ ಇದೆ. ಮದುವೆಯಾದರೆ ಬಡತನದ ಸಂಸಾರ. ಆಗದಿದ್ದರೆ ಜಸ್ಟಿಸ್ ಮುಂದೆ ನಿಂತು ಮಗುವಿನ ಖರ್ಚು ಕಟ್ಟಬೇಕು. ಅವಳ ಬಸುರೇ ಅವನ ಮೇಲಿನ ಸಾಕ್ಷಿ. ಕೊಲೆಗಾರ ಮುಗಿಸಲು ನೋಡುವುದು ಆ ಸಾಕ್ಷಿಯನ್ನು.

ಇದೇ ಕಥೆಯ ಇನ್ನೊಂದು ರೂಪ 18ನೇ ಶತಮಾನದ 'ಬರ್ಕ್‌ಶೈರ್ ಟ್ರಾಜಿಡಿ'. ಆಕ್ಸ್‌ಫರ್ಡ್ ಪಕ್ಕದ ವೈಟಮ್ ಅನ್ನುವ ಊರಿನ ಗಿರಣಿಯವನ ಬಾಯಲ್ಲಿ ಇಡೀ ಹಾಡು ಇದೆ. ನೇಣಿಗೆ ಹೋಗುವ ಮುಂಚೆ ಎಲ್ಲವನ್ನೂ ಹೇಳಿ ಹೋಗುವ ಹಾಗೆ. ಆಕ್ಸ್‌ಫರ್ಡಿನ ಹುಡುಗಿಯ ಮೇಲೆ ಕಣ್ಣು ಹಾಕಿದೆ, ನನ್ನ ಜೊತೆ ಮಲಗಿದರೆ ಮದುವೆಯಾಗುತ್ತೇನೆ ಅಂತ ಮಾತು ಕೊಟ್ಟೆ ಅನ್ನುತ್ತಾನೆ. ಒಂದು ರಾತ್ರಿ ಎಂಟು ಗಂಟೆಗೆ ಅವಳ ಅಕ್ಕನ ಮನೆ ಬಾಗಿಲಿಗೆ ಹೋಗಿ ಕರೆಯುತ್ತಾನೆ. ನಡೆದುಕೊಂಡು ಹೋಗುತ್ತಾ ಬೇಲಿಯಿಂದ ಒಂದು ಗೂಟ ಕಿತ್ತು ಮುಖಕ್ಕೆ ಹೊಡೆಯುತ್ತಾನೆ. ಅವಳು ಮಂಡಿಯೂರಿ, ಕೊಲ್ಲಬೇಡ, ಸಾಯೋಕೆ ನಾನಿನ್ನೂ ಸಿದ್ಧಳಿಲ್ಲ ಅನ್ನುತ್ತಾಳೆ. ಕೂದಲು ಹಿಡಿದು ಎಳೆದುಕೊಂಡು ಹೋಗಿ ನದಿಗೆ ಹಾಕುತ್ತಾನೆ.

ಆಮೇಲೆ ಮನೆಗೆ ಬರುತ್ತಾನೆ. ಬಟ್ಟೆಯ ಮೇಲಿನ ರಕ್ತ ನೋಡಿ ಇದೇನು ಅಂತ ಕೇಳುತ್ತಾರೆ. ಮೂಗಿನಿಂದ ರಕ್ತ ಬಂತು ಅನ್ನುತ್ತಾನೆ.

ಆ ಒಂದು ಸಾಲಿಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಇಷ್ಟು ಘೋರ ಕೆಲಸದ ಪಕ್ಕದಲ್ಲಿ ಎಷ್ಟು ಸಣ್ಣ ಸುಳ್ಳು. ಯಾರ ಮನೆಯಲ್ಲಾದರೂ, ಯಾವ ರಾತ್ರಿಯಾದರೂ ಕೇಳಬಹುದಾದ ಮಾತು. ಕೇಳಿದವರಿಗೆ ಇದು ನಿಜವಾಗಿ ನಡೆದದ್ದು ಅಂತ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅಚ್ಚಾದದ್ದೆಲ್ಲ ನಿಜ ಅಂತ ನಂಬುವ ಹಳ್ಳಿ ಹುಡುಗಿಯೊಬ್ಬಳು ಶೇಕ್ಸ್‌ಪಿಯರನ 'ವಿಂಟರ್ಸ್ ಟೇಲ್' ನಾಟಕದಲ್ಲಿ ಬರುತ್ತಾಳೆ, ಬ್ಯಾಲಡ್ ಮಾರುವವನ ಮುಂದೆ ನಿಂತು ಹಾಗೇ ಹೇಳುತ್ತಾಳೆ.

ಇನ್ನು ದೆವ್ವಗಳು. ಗಾಸ್ಪೋರ್ಟಿನ ಮೋಲಿ ಗುಂಡಿಯಲ್ಲೇ ಉಳಿಯುವುದಿಲ್ಲ. ವಿಲಿಯಂ ಪೋರ್ಟ್ಸ್‌ಮತ್‌ನಲ್ಲಿ ಬೆಡ್‌ಫರ್ಡ್ ಅನ್ನುವ ಹಡಗು ಹತ್ತಿಕೊಳ್ಳುತ್ತಾನೆ. ಹಡಗಿನೊಳಗೆ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ನಾವಿಕನೊಬ್ಬನ ಕಣ್ಣಿಗೆ ಬೀಳುತ್ತಾಳೆ, ಹತ್ತಿರ ಹೋದರೆ ಮಾಯವಾಗುತ್ತಾಳೆ. ನಿಮ್ಮಲ್ಲಿ ಯಾರೋ ಕೊಲೆ ಮಾಡಿದ್ದೀರಿ, ಒಪ್ಪಿಕೊಳ್ಳಿ ಅಂತ ಕ್ಯಾಪ್ಟನ್ ಎಲ್ಲರನ್ನೂ ಕರೆದು ಕೇಳುತ್ತಾನೆ. ವಿಲಿಯಂ ಒಪ್ಪಿಕೊಂಡು, ಹುಚ್ಚು ಹಿಡಿದು ಸಾಯುತ್ತಾನೆ. ದೇಹ ಹುಡುಕಿ ತೆಗೆದು ಗಾಸ್ಪೋರ್ಟಿನ ಚರ್ಚಿನಲ್ಲಿ ಹೂಳುತ್ತಾರೆ.

ಈ ದೆವ್ವವನ್ನು ಬರೀ ರೋಮಾಂಚನಕ್ಕೆ ತಂದದ್ದು ಅಂತ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅವಳು ಏನು ಮಾಡುತ್ತಾಳೆ ನೋಡಿ. ಕತ್ತು ಹಿಸುಕುವುದಿಲ್ಲ, ಶಾಪ ಹಾಕುವುದಿಲ್ಲ. ಮಗುವನ್ನು ಎತ್ತಿಕೊಂಡು ಬಂದು ಎಲ್ಲರ ಮುಂದೆ ನಿಲ್ಲುತ್ತಾಳೆ, ಅಷ್ಟೆ. ಬದುಕಿದ್ದಾಗ ಯಾವ ಕೋರ್ಟಿನಲ್ಲೂ ತರಲಾಗದ ಸಾಕ್ಷಿಯನ್ನು ಸತ್ತ ಮೇಲೆ ತಾನೇ ಹೊತ್ತು ತರುತ್ತಾಳೆ. ಇಡೀ ಹಡಗೇ ಆಗ ಕೋರ್ಟು. ಕೊಲೆಗಾರನ ತಪ್ಪೊಪ್ಪಿಗೆಯೂ ಅಷ್ಟೇ. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತು ಕೊನೆಗೆ ಅವನ ಬಾಯಿಂದಲೇ ಹೊರಗೆ ಬರಬೇಕು. ಕಾನೂನಿನಲ್ಲಿ ಇದ್ದ ತೂತನ್ನು ಹಾಡು ತನ್ನ ರೀತಿಯಲ್ಲಿ ಮುಚ್ಚುತ್ತದೆ.

ಮಾತು ತಪ್ಪಿದ ಹೆಣ್ಣಿನ ಕಥೆಗಳೂ ಇವೆ, ಅವನ್ನು ಬಿಡುವ ಹಾಗಿಲ್ಲ. ನಾಟಿಂಗ್‌ಹ್ಯಾಮ್ ಸೀಮೆಯ ಕ್ಲಿಫ್ಟನ್‌ನ ಹುಡುಗಿಯೊಬ್ಬಳು ಬೇಟ್‌ಮನ್ ಅನ್ನುವ ಹುಡುಗನಿಗೆ ಮಾತು ಕೊಟ್ಟು, ಚಿನ್ನದ ನಾಣ್ಯ ಮುರಿದು ಹಂಚಿಕೊಂಡು, ಆಮೇಲೆ ಜರ್ಮನ್ ಅನ್ನುವ ಹೆಸರಿನ ದುಡ್ಡಿರುವವನನ್ನು ಮದುವೆಯಾಗುತ್ತಾಳೆ. ಬೇಟ್‌ಮನ್ ನೇಣು ಹಾಕಿಕೊಳ್ಳುತ್ತಾನೆ. ಅವನ ದೆವ್ವ ಅವಳು ಹೆರುವ ತನಕ ಕಾಯುತ್ತದೆ, ಯಾಕಂದರೆ ಹೊಟ್ಟೆಯ ಮಗು ತಪ್ಪು ಮಾಡಿಲ್ಲ. ಹೆತ್ತ ಮೇಲೆ, ಕಾವಲಿಗೆ ಕೂತ ಹೆಂಗಸರಿಗೆ ನಿದ್ದೆ ಹತ್ತಿದ ಹೊತ್ತಿನಲ್ಲಿ ಅವಳನ್ನು ಹೊತ್ತೊಯ್ಯುತ್ತದೆ. 1657ರಲ್ಲಿ ನೋಂದಾಯಿತವಾದ ಇನ್ನೊಂದು ಹಾಡಿನಲ್ಲಿ ಪ್ಲಿಮತ್ ಹತ್ತಿರದ ಜೇನ್ ರೆನಾಲ್ಡ್ಸ್ ನಾವಿಕನಿಗೆ ಮಾತು ಕೊಟ್ಟಿರುತ್ತಾಳೆ. ಅವನು ಸತ್ತ ಸುದ್ದಿ ಬಂದ ಮೇಲೆ ಬಡಗಿಯೊಬ್ಬನನ್ನು ಮದುವೆಯಾಗಿ ಮಕ್ಕಳನ್ನು ಹೆರುತ್ತಾಳೆ. ಅವಳನ್ನೂ ಆ ನಾವಿಕನ ರೂಪದ ದೆವ್ವ ಕರೆದೊಯ್ಯುತ್ತದೆ. ಸತ್ತ ಸುದ್ದಿ ನಂಬಿ ಮದುವೆಯಾದವಳಿಗೂ ಈ ಶಿಕ್ಷೆ! ಗಂಡಸು ಮಾತು ತಪ್ಪಿದರೆ ಕೊಲೆಯನ್ನೂ ಮಾಡಿದ ಮೇಲೆ ಸಾಯುತ್ತಾನೆ. ಹೆಣ್ಣಿಗೆ ಮಾತು ತಪ್ಪಿದ್ದೇ ಸಾಕು. ಈ ತಕ್ಕಡಿ ಸಮ ಇಲ್ಲ, ಅದನ್ನು ಹೇಳಲೇಬೇಕು.

ರಾಜನೇ ಮರುಳು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಜೇನ್ ಶೋರ್ ಹಾಡು ಇದೆ. ನಾಲ್ಕನೇ ಎಡ್ವರ್ಡ್ ಇಟ್ಟುಕೊಂಡಿದ್ದ ಲಂಡನ್ ವ್ಯಾಪಾರಿಯ ಹೆಂಡತಿ. ರಾಜ ಸತ್ತ ಮೇಲೆ, 1483ರಲ್ಲಿ, ಅವಳನ್ನು ಕೈಯಲ್ಲಿ ಮೇಣದಬತ್ತಿ ಹಿಡಿಸಿ ಬೀದಿಯಲ್ಲಿ ನಡೆಸಿದರು. ಹಾಡಿನಲ್ಲಿ ಅವಳು ಭಿಕ್ಷೆ ಬೇಡುತ್ತಾ ಚರಂಡಿಯಲ್ಲಿ ಸಾಯುತ್ತಾಳೆ, ಅದಕ್ಕೇ ಆ ಜಾಗಕ್ಕೆ ಶೋರ್‌ಡಿಚ್ ಅಂತ ಹೆಸರು ಬಂತಂತೆ. ಆದರೆ ಆ ಹೆಸರು ಅವಳಿಗಿಂತ ಕೆಲವು ಶತಮಾನ ಹಳೆಯದು. ನಿಜವಾದ ಶೋರ್, ಅವಳ ಹೆಸರು ಎಲಿಜಬೆತ್, ಮತ್ತೆ ಮದುವೆಯಾಗಿ 1520ರ ದಶಕದ ತನಕ ಬದುಕಿದ್ದಳು. ಬಿದ್ದ ಹೆಣ್ಣು ಬದುಕಿ ಮುದುಕಿಯಾದಳು ಅಂತ ಹೇಳಿದರೆ ಹಾಡು ಮಾರಾಟವಾಗುತ್ತಿರಲಿಲ್ಲವೇನೋ.

ಈ ಹಾಳೆಗಳು ನಮಗೆ ಉಳಿದು ಬಂದದ್ದು ಸಂಗ್ರಾಹಕರಿಂದ. ಅದರಲ್ಲಿ ದೊಡ್ಡ ಹೆಸರು ಸ್ಯಾಮ್ಯುಯೆಲ್ ಪೀಪ್ಸ್. ನೌಕಾಪಡೆಯ ಅಧಿಕಾರಿ, ದಿನಚರಿ ಬರೆದು ಹೆಸರಾದವನು. ಅವನು ಕೂಡಿಟ್ಟ 1,800ಕ್ಕೂ ಹೆಚ್ಚು ಬ್ಯಾಲಡ್‌ಗಳು ಐದು ಸಂಪುಟಗಳಲ್ಲಿ ಕೇಂಬ್ರಿಜ್‌ನ ಮ್ಯಾಗ್ಡಲಿನ್ ಕಾಲೇಜಿನಲ್ಲಿವೆ. ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದವರು ಅವನ್ನೆಲ್ಲ ಇಂಟರ್ನೆಟ್‌ಗೆ ಹಾಕಿದ್ದಾರೆ, ಹಾಡಿಸಿ ಕೇಳಿಸುತ್ತಾರೆ ಕೂಡ. ಪೀಪ್ಸ್ ತನ್ನ ಹಾಳೆಗಳನ್ನು ವಿಭಾಗ ಮಾಡಿ ಅಂಟಿಸಿದ್ದ. ಸುಖದ ಪ್ರೇಮ ಒಂದು ಕಡೆ, ದುಃಖದ ಪ್ರೇಮ ಇನ್ನೊಂದು ಕಡೆ, ಕೊಲೆ ಮತ್ತು ದೇವರ ತೀರ್ಪು ಮತ್ತೊಂದು ಕಡೆ.

ಅದೇ ಪೀಪ್ಸ್‌ನ ಮನೆಗೆ 1667ರಲ್ಲಿ ಡೆಬ್ ವಿಲೆಟ್ ಅನ್ನುವ ಹದಿಹರೆಯದ ಹುಡುಗಿ ಅವನ ಹೆಂಡತಿಗೆ ಜೊತೆಗಾತಿಯಾಗಿ ಬಂದಳು. ಅವನು ಅವಳ ಮೈಮೇಲೆ ಕೈ ಹಾಕುತ್ತಿದ್ದ. 1668ರ ಅಕ್ಟೋಬರ್ 25ರಂದು ಹೆಂಡತಿಯ ಕೈಗೆ ಸಿಕ್ಕಿಬಿದ್ದ. ಕೆಲಸ ಹೋದದ್ದು ಡೆಬ್‌ಗೆ. ಇದೆಲ್ಲ ಅವನದೇ ದಿನಚರಿಯಲ್ಲಿ ಇದೆ. ಅವಳ ಕಡೆಯ ಮಾತು ಎಲ್ಲೂ ಇಲ್ಲ. ದುಃಖದ ಪ್ರೇಮದ ಪುಟಗಳನ್ನು ತಿರುಗಿಸುವಾಗ ಆ ಹುಡುಗಿ ನನಗೆ ನೆನಪಾಗದೇ ಇರುವುದಿಲ್ಲ.

ಹಾಡುಗಳನ್ನು ಬರೆದವರು, ಹೆಸರು ಗೊತ್ತಿರುವ ಮಟ್ಟಿಗೆ, ಜಾಸ್ತಿ ಗಂಡಸರೇ. ಕೊಂಡವರಲ್ಲಿ, ಹಾಡಿದವರಲ್ಲಿ ಹೆಂಗಸರು ಬೇಕಾದಷ್ಟಿದ್ದರು. ಕೊನೆಯ ಪದ್ಯದಲ್ಲಿ ಹು‌ಡುಗಿಯರೇ ಎಚ್ಚರ ಅಂತ ಬುದ್ಧಿ ಹೇಳುವುದು ಬರೆದವನ ದನಿ. ನಡುವಿನ ಇಪ್ಪತ್ತು ಪದ್ಯಗಳಲ್ಲಿ ಅವನು ಹೀಗೆ ಹೇಳಿದ, ಹೀಗೆ ಕರೆದ, ಹೀಗೆ ಹೊಡೆದ ಅಂತ ಒಂದೊಂದನ್ನೂ ಬಿಡದೆ ಹೇಳುವುದು ಹಾಡುವವರ ಬಾಯಿಗೆ ಬಂದಾಗ ಬೇರೆಯೇ ಆಗುತ್ತದೆ. ಒಲೆಯ ಮುಂದೆ, ರಾಟೆಯ ಮುಂದೆ ಕೂತು ಹೆಂಗಸೊಬ್ಬಳು ಆ ಹೇಳಿಕೆಯನ್ನು ಇನ್ನೊಬ್ಬಳಿಗೆ ಒಪ್ಪಿಸುತ್ತಿದ್ದಾಳೆ ಅಂದುಕೊಳ್ಳಿ.

ಹಾಡುಗಳು ವಲಸೆ ಹೋದವರ ಜೊತೆ ಅಟ್ಲಾಂಟಿಕ್ ದಾಟಿದವು. ಗಾಸ್ಪೋರ್ಟಿನ ಮೋಲಿ ಅಮೆರಿಕದ ಬೆಟ್ಟದ ಸೀಮೆಯಲ್ಲಿ 'ಪ್ರೆಟಿ ಪಾಲಿ' ಆದಳು. 1927ರಲ್ಲಿ ಡಾಕ್ ಬಾಗ್ಸ್ ಅನ್ನುವ ಹಾಡುಗಾರ ಬಾಂಜೊ ಅನ್ನುವ ತಂತಿವಾದ್ಯ ಹಿಡಿದು ಅದನ್ನು ರೆಕಾರ್ಡ್ ಮಾಡಿದ. ಗುಂಡಿ ಇದೆ, ಸನಿಕೆ ಇದೆ. ಹಡಗು ಇಲ್ಲ, ಕೂಸನ್ನು ಎತ್ತಿಕೊಂಡು ಬರುವ ದೆವ್ವ ಇಲ್ಲ. ವೈಟಮ್ ಗಿರಣಿಯವನ ಹಾಡು ಟೆನೆಸಿಯ ನಾಕ್ಸ್‌ವಿಲ್‌ಗೆ ಬಂದು 'ನಾಕ್ಸ್‌ವಿಲ್ ಗರ್ಲ್' ಆಯಿತು. ಬಾಯಿಂದ ಬಾಯಿಗೆ ಬರುತ್ತಾ ಬಸುರಿನ ಮಾತು ಬಿದ್ದುಹೋಯಿತು. ಮಲಗಿದರೆ ಮದುವೆಯಾಗುತ್ತೇನೆ ಅಂದ ಮಾತೂ ಬಿದ್ದುಹೋಯಿತು. ಈಗ ಅದನ್ನು ಕೇಳುವವರು ಇವನು ಯಾಕೆ ಕೊಂದ ಅಂತ ಗೊತ್ತಾಗದೆ ಬೆಚ್ಚುತ್ತಾರೆ.

ಕೋಲು ಉಳಿದಿದೆ. ಮಂಡಿಯೂರಿ ಬೇಡುವ ಹುಡುಗಿ, ಕೂದಲು ಹಿಡಿದು ಎಳೆಯುವುದು, ನದಿ, ಎಲ್ಲ ಉಳಿದಿವೆ. ರಾತ್ರಿ ಮನೆಗೆ ಬಂದವನನ್ನು ಅಮ್ಮ ಗಾಬರಿಯಿಂದ ಕೇಳುತ್ತಾಳೆ, ಬಟ್ಟೆಯ ಮೇಲೆ ಏನಪ್ಪಾ ಇದು ರಕ್ತ? ಇನ್ನೂರು ವರ್ಷಕ್ಕೂ ಹಿಂದೆ ಹೇಳಿದ್ದನ್ನೇ ಅವನು ಈಗಲೂ ಹೇಳುತ್ತಾನೆ. ಮೂಗಿನಿಂದ ಬಂತು.